ಪಾಚಿ ಶೋಧಕ
ಪಾಚಿ ಶೋಧಕವು ಕಡಲನೀರಿನ ಅಕ್ವೇರಿಯಂನಲ್ಲಿ ಸೇರುವ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಪಾಚಿ ಬೆಳೆಸಿ ತೆಗೆಯುವ ಜೈವಿಕ ವ್ಯವಸ್ಥೆಯಾಗಿದೆ. ಮೀನಿನ ಆಹಾರ ಹಾಗೂ ತ್ಯಾಜ್ಯಗಳಿಂದ ಹುಟ್ಟುವ ಈ ಪೋಷಕಾಂಶಗಳು ಹೆಚ್ಚಾದರೆ ಬೇಡದ ಪಾಚಿಯು ಹವಳಗಳನ್ನು ಆವರಿಸುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಆಡಿ ರೂಪಿಸಿದ ವಿಧಾನಕ್ಕೆ 1982ರಲ್ಲಿ ಪೇಟೆಂಟ್ ದೊರೆಯಿತು.

ಕಾರ್ಯವಿಧಾನ
ಒರಟಾದ ಜಾಲರಿಯ ಮೇಲೆ ನೀರನ್ನು ತೆಳುವಾಗಿ ಹರಿಸಿ, ಪ್ರಬಲ ಬೆಳಕನ್ನು ಬೀರಿದಾಗ ಅದರಲ್ಲಿ ಪಾಚಿ ಬೆಳೆಯುತ್ತದೆ. ಪ್ರತ್ಯೇಕ ತೊಟ್ಟಿಯಲ್ಲಿ ಕೀಟೊಮಾರ್ಫಾ ಎಂಬ ಹಸಿರು ಪಾಚಿಯನ್ನು ಬೆಳೆಸುವುದು ಇನ್ನೊಂದು ಕ್ರಮ. ಈ ತೊಟ್ಟಿಗೆ ರಾತ್ರಿ ಬೆಳಕು ನೀಡಿದರೆ ನೀರಿನ ಪಿಎಚ್ ಇಳಿಕೆಯೂ ತಗ್ಗುತ್ತದೆ. ಪಾಚಿಯನ್ನು ಆಗಾಗ ಕೊಯ್ದು ಹೊರತೆಗೆದಾಗ ಮಾತ್ರ ಪೋಷಕಾಂಶಗಳು ನೀಗುತ್ತವೆ. ಅದು ಕೊಳೆತರೆ ಅವು ನೀರಿಗೇ ಮರಳುತ್ತವೆ.

ಮಂಗಳೂರಿನಲ್ಲಿ
ಮಳೆಗಾಲದಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಿಹಿನೀರನ್ನೂ ಹೂಳನ್ನೂ ಕಡಲಿಗೆ ತರುವುದರಿಂದ ಮಂಗಳೂರು ತೀರದ ನೀರಿನ ಲವಣಾಂಶ ಕುಸಿಯುತ್ತದೆ. ಆಗ ಆ ನೀರು ಹವಳದ ಅಕ್ವೇರಿಯಂಗೆ ತಕ್ಕುದಲ್ಲ. ನೀರು ಬದಲಾವಣೆಯ ಅಗತ್ಯವನ್ನು ತಗ್ಗಿಸುವ ಪಾಚಿ ಶೋಧಕವು ಇಂತಹ ತಿಂಗಳುಗಳಲ್ಲಿ ಹೆಚ್ಚು ಉಪಯುಕ್ತ.

ಕಾನೂನು
ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳನ್ನು ಕಡಲಿನಿಂದ ಸಂಗ್ರಹಿಸುವುದು ಅಪರಾಧವಾಗಿದೆ.