ಭೀಮೆಯ ತಡಿ, ಕುದುರೆಯ ತಡಿ

ಕನ್ನಡದಲ್ಲಿ ‘ತಡಿ’ ಎಂದರೆ ಹೊಳೆಯ ದಂಡೆ. ಕುದುರೆಯ ಬೆನ್ನಿಗೆ ಹಾಕುವ ಮೆತ್ತೆಗೂ ‘ತಡಿ’ ಎಂದೇ ಹೆಸರು. ಈ ಎರಡು ಅರ್ಥಗಳೂ ಒಟ್ಟಿಗೆ ಸಲ್ಲುವ ಸೀಮೆ ವಿಜಯಪುರ ಜಿಲ್ಲೆ. ಇಂಡಿ, ಸಿಂದಗಿಗಳ ಬಡಗು ಅಂಚಿನಲ್ಲಿ ಹರಿಯುವ ಭೀಮಾ ನದಿ ಒಂದು ಕುದುರೆ ತಳಿಗೇ ಹೆಸರು ಕೊಟ್ಟಿದೆ: ಭೀಮಥಡಿ. ಮೈಕಟ್ಟು ಗಿಡ್ಡವಾದರೂ ದೂರದ ದಾರಿಗೆ ತಾಳುವ ಕುದುರೆ ಅದು.

1490ರಿಂದ 1686ರವರೆಗೆ ಇಲ್ಲಿ ಆಳಿದ ಆದಿಲಶಾಹಿಗಳ ಬಲವೆಲ್ಲ ಕುದುರೆ ದಂಡಿನಲ್ಲಿತ್ತು. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದಾಗ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದ ದೊಡ್ಡ ಬಂದರೇ ವಿಜಯಪುರದ ಕೈತಪ್ಪಿತು. 1565ರಲ್ಲಿ ವಿಜಯನಗರದ ಭವಿಷ್ಯ ನಿರ್ಧರಿಸಿದ ಕಾಳಗಕ್ಕೆ ಸುಲ್ತಾನರ ದಂಡುಗಳು ಸಾಗಿದ್ದು ತಾಳಿಕೋಟೆಯ ಮೇಲೆ, ಇಂದಿನ ಮುದ್ದೇಬಿಹಾಳದ ಸೀಮೆಯಲ್ಲಿ ಕೃಷ್ಣೆಯತ್ತ.

ಅಂದಿನ ದಖ್ಖನಿನ ದಂಡುಗಳಲ್ಲಿ ಸರ್ಕಾರದ ಕುದುರೆ ಏರುವವನು ಬಾರಗೀರ. ಸ್ವಂತ ಕುದುರೆಯೊಡನೆ ಚಾಕರಿಗೆ ಬರುವವನು ಶಿಲೇದಾರ. ಶಿಲೇದಾರನಿಗೆ ಕುದುರೆಯೇ ಬಂಡವಾಳ. ಅದರ ಬೆನ್ನಿಗೆ ಹುಣ್ಣಾಯಿತೆಂದರೆ ಅವನ ಅನ್ನಕ್ಕೇ ಕುತ್ತು. ಹಾಗಾಗಿ ಕತ್ತಿಯಷ್ಟೇ ಎಚ್ಚರದಿಂದ ಆರಿಸಬೇಕಾದ ವಸ್ತು ಜೀನು.

ಹಳಗನ್ನಡದ ‘ಪಲ್ಲಣ’ವೇ ಮುಂದೆ ‘ಹಲ್ಲಣ’ವಾಯಿತು. ಜೀನು, ಖೋಗೀರು ಎಂಬ ಮಾತುಗಳು ಪಾರಸಿಯಿಂದ ಬಂದವು. ಮರದ ಚೌಕಟ್ಟಿನ ಜೀನು ಸವಾರನ ಭಾರವನ್ನು ಹರವಿ ಹೊರಿಸುತ್ತದೆ. ಆದರೆ ಅದರ ಆಕಾರ ಬೆನ್ನಿಗೆ ಒಗ್ಗದಿದ್ದರೆ ಒಂದೆರಡು ಕಡೆ ಮಾತ್ರ ಒತ್ತಿ ಹುಣ್ಣು ಮಾಡುತ್ತದೆ. ಮೆತ್ತೆ ತುಂಬಿದ ಖೋಗೀರು ಯಾವ ಬೆನ್ನಿಗೂ ಒಗ್ಗುತ್ತದೆ, ಆದರೆ ಸವೆದು ಚಪ್ಪಟೆಯಾದಾಗ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಬೀಳುತ್ತದೆ.

ಎರಡಕ್ಕೂ ನಿಯಮ ಒಂದೇ. ಬೆನ್ನುಮೂಳೆಯ ಮೇಲೆ ಭಾರ ಬೀಳಬಾರದು. ಅದರ ಉದ್ದಕ್ಕೂ ಗಾಳಿಯಾಡುವ ಸಂದು ಇರಬೇಕು. ಭುಜದ ಆಟಕ್ಕೆ ಅಡ್ಡಿಯಾಗಬಾರದು. ಭಾರ ಕಡೆಯ ಪಕ್ಕೆಲುಬನ್ನು ದಾಟಿ ಹಿಂದೆ ಹೋಗಬಾರದು. ಮೆತ್ತೆಗೆ ಉಣ್ಣೆ ಒಳ್ಳೆಯದು, ಅದು ಬೆವರು ಹೀರುತ್ತದೆ. ಆದರೆ ಬಿಗಿಯಾದ ಜೀನಿನ ಕೆಳಗೆ ದಪ್ಪ ಮೆತ್ತೆ ತುರುಕಿದರೆ ಒತ್ತಡ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಇನ್ನೊಂದು ತೊಡಕು ಬರಗಾಲದ ಈ ನಾಡಿಗೆ ಚೆನ್ನಾಗಿ ಗೊತ್ತಿರುವಂಥದು. ಮೇವು ಕಡಿಮೆಯಾಗಿ ಕುದುರೆ ಬಡವಾದರೆ, ನಿನ್ನೆ ಸರಿಯಿದ್ದ ಜೀನು ಇಂದು ಕುಸಿದು ಕುತ್ತಿಗೆಯ ಬುಡದ ಮೂಳೆಗೆ ತಾಗುತ್ತದೆ. ಬ್ರಿಟಿಷ್ ಕುದುರೆ ದಂಡು ಇದಕ್ಕಾಗಿಯೇ ಜೀನಿನ ಕೆಳಗೆ ಮಡಚಿದ ಕಂಬಳಿ ಹಾಕಿ, ಬೆನ್ನಿಗೆ ತಕ್ಕಂತೆ ಮಡಿಕೆ ಬದಲಿಸುತ್ತಿತ್ತು. ಜೀನಿನ ಮೆತ್ತೆಗೆ ಇಂಗ್ಲಿಷರು ಬಳಸುವ ‘ನಮ್ನಾ’ ಎಂಬ ಹೆಸರೂ ನಮ್ಮ ಕಡೆಯ ‘ನಮದಾ’ದಿಂದಲೇ ಹೋದದ್ದು.

ದೂರದೋಟದ ಸವಾರಿ ಇಂದು ಕ್ರೀಡೆ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕಡೆ ಆರಂಭವಾದ ಟೆವಿಸ್ ಕಪ್‌ನಲ್ಲಿ ಒಂದು ದಿನಕ್ಕೆ 100 ಮೈಲಿ ದಾರಿ. ಇಂಥ ಸ್ಪರ್ಧೆಗಳಲ್ಲಿ ನಡುನಡುವೆ ಪಶುವೈದ್ಯರು ಕುದುರೆಯ ಬೆನ್ನನ್ನು ಒತ್ತಿ ನೋಡುತ್ತಾರೆ. ನೋವಿದ್ದರೆ ಹಿಂದೆ ಸರಿಯಬೇಕಾದೀತು.

ಆ ಪರೀಕ್ಷೆಗೆ ವೈದ್ಯರೇ ಬೇಕೆಂದಿಲ್ಲ. ಸವಾರಿ ಮುಗಿಸಿ ಜೀನು ಇಳಿಸಿದಾಗ, ಬೆವರಿನಿಂದ ತೊಯ್ದ ಬೆನ್ನಿನ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಜೀನು ಒತ್ತುತ್ತಿರಬಹುದು ಎಂದೇ ಎಚ್ಚರ. ಅದನ್ನು ಕಡೆಗಣಿಸಿದರೆ ಮುಂದೆ ಅದೇ ಜಾಗದಲ್ಲಿ ಬಿಳಿಗೂದಲು ಮೂಡುತ್ತದೆ. ಸವಾರ ಮಾಡಿದ ತಪ್ಪನ್ನು ಕುದುರೆ ಬದುಕಿರುವಷ್ಟು ಕಾಲ ಬೆನ್ನ ಮೇಲೆ ಹೊತ್ತು ತಿರುಗುತ್ತದೆ.