ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ವಾರ

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ಪುಣೆಯ ಕ್ಯಾಂಪಿನ ಬೀದಿಗಳು ಬಣ್ಣದ ದೀಪ ತೊಟ್ಟು ನಿಲ್ಲುತ್ತವೆ. ಬೇಕರಿಗಳ ಮುಂದೆ ಸಾಲು, ಅಂಗಡಿಗಳಲ್ಲಿ ಕಾಗದದ ನಕ್ಷತ್ರ, ಕೆಂಪು ಟೊಪ್ಪಿಗೆ. ನಮ್ಮ ಕನ್ನಡ ಮನೆಗಳವರೂ ಮಕ್ಕಳ ಕೈ ಹಿಡಿದುಕೊಂಡು ಈ ಸಂಭ್ರಮ ನೋಡಲು ಹೋಗುತ್ತಾರೆ. ಸಂತೋಷದ ಮಾತೇ. ಆದರೆ ಸಂಘದ ಸ್ನೇಹಿತರು ನಮ್ಮನ್ನು ಆಗಾಗ ಕೇಳುವುದುಂಟು: "ಏನ್ರೀ, ನಿಮ್ಮ ಹಬ್ಬ ಅಂದ್ರ ಬರೇ ಕೇಕು, ಸಾಂತಾ ಕ್ಲಾಸ್ ಇಷ್ಟೇ ಏನು? ನಮ್ಮಲ್ಲಿ ಇದ್ದಂಗ ವ್ರತ, ನೇಮ, ಉಪವಾಸ ಏನೂ ಇಲ್ಲೇನು?"

ಇದೆ. ಇಂದು ಅದು ಮಾರುಕಟ್ಟೆಯ ಬೆಳಕಿನಲ್ಲಿ ಕಾಣದಂತಾಗಿದೆ, ಅಷ್ಟೇ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಆಗಮನ ಕಾಲವೆಂದು ಹೆಸರು. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ ಅದು ಆರಂಭವಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ಎದ್ದು ಪೂಜೆ ಮುಗಿಸಿ ಹುಗ್ಗಿ ಉಣ್ಣುವ ನೆರೆಮನೆಯವರಿಗೆ ಇದರ ಸ್ವಾರಸ್ಯವನ್ನು ಹೆಚ್ಚು ವಿವರಿಸಬೇಕಿಲ್ಲ. ಹಬ್ಬಕ್ಕಿಂತ ಮೊದಲು ಹಬ್ಬಕ್ಕೆ ತಕ್ಕವರಾಗುವುದು ಎಂಬ ಭಾವನೆ ಎರಡು ಕಡೆಗೂ ಒಂದೇ.

ಮೊದಲು ಹಬ್ಬದ ದಿನದ ವಿಚಾರ. ಯೇಸು ಹುಟ್ಟಿದ ತಿಂಗಳಾಗಲಿ ತಾರೀಖಾಗಲಿ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಮೊದಲ ಎರಡು ಮೂರು ಶತಮಾನಗಳ ಕ್ರೈಸ್ತರಿಗೆ ದೊಡ್ಡ ಹಬ್ಬವೆಂದರೆ ಪುನರುತ್ಥಾನದ್ದು, ಜನನದ್ದಲ್ಲ. ಡಿಸೆಂಬರ್ 25ರ ಆಚರಣೆಗೆ ಸಿಗುವ ಹಳೆಯ ಆಧಾರ ರೋಮಿನದು, ಕ್ರಿ.ಶ. 336ರದು. ರೋಮನ್ನರ ಸೂರ್ಯದೇವನ ಉತ್ಸವದ ಜಾಗದಲ್ಲಿ ಇದನ್ನು ಇರಿಸಿದರೆಂದು ಕೆಲವು ವಿದ್ವಾಂಸರ ವಾದ. ಮಾರ್ಚ್ 25ರಂದು ಮರಿಯಳು ಗರ್ಭ ಧರಿಸಿದಳೆಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆಂದು ಇನ್ನು ಕೆಲವರ ವಾದ. ವರ್ಷವೂ ಪಕ್ಕಾ ಅಲ್ಲ. 6ನೆಯ ಶತಮಾನದಲ್ಲಿ ಡಯೊನೀಸಿಯಸ್ ಎಂಬ ಸನ್ಯಾಸಿ ಹಾಕಿದ ಲೆಕ್ಕವೇ ನಮ್ಮ ಇಂದಿನ ಇಸವಿ. ಹೆರೋದ ರಾಜ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ ಎನ್ನುವುದರಿಂದ, ಅವನ ಆಳ್ವಿಕೆಯಲ್ಲಿ ಹುಟ್ಟಿದ ಯೇಸು 'ಕ್ರಿಸ್ತಪೂರ್ವ'ದಲ್ಲೇ ಹುಟ್ಟಿರಬೇಕಾಗುತ್ತದೆ! ವಿಜ್ಞಾನ ಓದಿದ ನಮ್ಮಂಥವರಿಗೆ ಇದರಿಂದ ಶ್ರದ್ಧೆಗೇನೂ ಕುಂದಿಲ್ಲ. ತಾರೀಖು ಎಣಿಕೆಯ ಅನುಕೂಲಕ್ಕೆ. ಹಬ್ಬದ ಅರ್ಥ ಬೇರೆ ಕಡೆ ಇದೆ.

ಅರ್ಥವಿರುವುದು ಲೂಕನು ಹೇಳಿದ ಕಥೆಯಲ್ಲಿ. ಚಕ್ರವರ್ತಿ ಅಗಸ್ಟಸನು ಖಾನೇಷುಮಾರಿಗೆ ಆಜ್ಞೆ ಮಾಡಿದ. ಜನರೆಲ್ಲ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕಾಯಿತು. ನಜರೇತಿನ ಬಡಗಿ ಯೋಸೇಫನು ತುಂಬು ಗರ್ಭಿಣಿ ಮರಿಯಳನ್ನು ಕರೆದುಕೊಂಡು ಬೆತ್ಲೆಹೇಮಿಗೆ ಹೊರಟ. ಅಲ್ಲಿ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಮಗು ಹುಟ್ಟಿದಾಗ ದನದ ಮೇವು ಹಾಕುವ ಜಾಗದಲ್ಲಿ ಮಲಗಿಸಬೇಕಾಯಿತು. ಸುದ್ದಿ ಮೊದಲು ತಲುಪಿದ್ದು ರಾತ್ರಿಯೆಲ್ಲ ಕುರಿ ಕಾಯುತ್ತಿದ್ದವರಿಗೆ. ಸರಕಾರಿ ಫಾರ್ಮುಗಳ ನಡುವೆಯೇ ದಿನ ಕಳೆಯುವ ನಮಗೆ, ದೇವರ ಅವತಾರದ ಕಥೆ ಒಂದು ಸರಕಾರಿ ಸುತ್ತೋಲೆಯಿಂದ ಆರಂಭವಾಗುವುದು ಯಾವಾಗಲೂ ವಿಶೇಷವಾಗಿ ಕಂಡಿದೆ. ಇತಿಹಾಸಕಾರರು ಈ ಗಣತಿಯ ಕಾಲವನ್ನು ಕುರಿತು ಜಗ್ಗಾಡುತ್ತಾರೆ, ಜಗ್ಗಾಡಲಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಪುಣೆಯಲ್ಲಿ ಬಾಡಿಗೆ ಮನೆಗಾಗಿ ಬಾಗಿಲಿಂದ ಬಾಗಿಲಿಗೆ ತಿರುಗಿದವರಿಗೆ, 'ಜಾಗವಿಲ್ಲ' ಎಂಬ ಮಾತಿನ ರುಚಿ ಗೊತ್ತಿದ್ದವರಿಗೆ, ಈ ಕಥೆ ದೂರದ್ದಲ್ಲ. ದೇವರು ಮನುಷ್ಯನಾದ, ಅದೂ ಜಾಗ ಸಿಗದ ಮನುಷ್ಯನಾದ. ಕ್ರೈಸ್ತರು ಕ್ರಿಸ್ಮಸ್ ದಿನ ನೆನೆಯುವುದು ಇದನ್ನು. ಯೇಸುವಿಗೆ ಸಲ್ಲುವ ಇಮ್ಮಾನುವೇಲ್ ಎಂಬ ಹೆಸರಿನ ಅರ್ಥವೂ 'ದೇವರು ನಮ್ಮ ಜೊತೆ' ಎಂದೇ.

ಇಂಥ ಅತಿಥಿಗೆ ಮನೆ ಹೇಗೆ ಸಿದ್ಧ ಮಾಡಬೇಕು? ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆತುಸ್ 5ನೆಯ ಶತಮಾನದ ಕೊನೆಗೆ ಒಂದು ಕಟ್ಟಳೆ ಮಾಡಿದ: ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಕ್ರಿಸ್ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸ. ಮುಂದೆ ರೋಮಿನ ರೂಢಿಯಂತೆ ಅದು ನಾಲ್ಕು ವಾರಕ್ಕೆ ಇಳಿಯಿತು, ಉಪವಾಸವೂ ಸಡಿಲವಾಯಿತು. ಆದರೆ ಧ್ವನಿ ಉಳಿಯಿತು. ಪಾದ್ರಿಗಳು ಇಂದಿಗೂ ಈ ವಾರಗಳಲ್ಲಿ ನೇರಳೆ ಬಣ್ಣದ ಉಡುಪು ಧರಿಸುತ್ತಾರೆ. ಅದು ಪಶ್ಚಾತ್ತಾಪದ ಬಣ್ಣ. ಮೊದಲ ಭಾನುವಾರದ ಪಾಠಗಳು ಬೆತ್ಲೆಹೇಮಿನ ಮಗುವನ್ನು ಕುರಿತವಲ್ಲ, ಕ್ರಿಸ್ತನು ಎರಡನೆಯ ಸಲ ನ್ಯಾಯ ತೀರಿಸಲು ಬರುವುದನ್ನು ಕುರಿತವು: ಎಚ್ಚರವಾಗಿರಿ ಎಂಬ ಮಾತು. ಎರಡನೆಯ, ಮೂರನೆಯ ಭಾನುವಾರ ಸ್ನಾನಿಕ ಯೋಹಾನನದು. ಒಂಟೆಯ ಕೂದಲಿನ ಬಟ್ಟೆ ಉಟ್ಟು ಮಿಡತೆ, ಕಾಡುಜೇನು ತಿಂದು ಅರಣ್ಯದಲ್ಲಿದ್ದ ಈ ವಿರಕ್ತ ಜನರಿಗೆ ಹೇಳಿದ್ದು ಪೂಜೆ ಪುನಸ್ಕಾರವನ್ನಲ್ಲ. ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಎಂದ. ಸುಂಕದವರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ ಎಂದ. ಸಿಪಾಯಿಗಳು ಸಂಬಳದಲ್ಲಿ ತೃಪ್ತರಾಗಿ ಲಂಚ ಬಿಡಲಿ ಎಂದ. ಕಚೇರಿಗಳಲ್ಲಿ ಕೆಲಸ ಮಾಡುವ ನಮಗೆ ಇದಕ್ಕಿಂತ ಸ್ಪಷ್ಟವಾದ ಸಿದ್ಧತೆಯ ಪಟ್ಟಿ ಬೇಕಾಗಿಲ್ಲ. ನಾಲ್ಕನೆಯ ಭಾನುವಾರ ಮಾತ್ರ ಮರಿಯಳ ಕಡೆ ಮುಖ ತಿರುಗುತ್ತದೆ.

ಆಚರಣೆಯ ವಸ್ತುಗಳೆಲ್ಲ ಒಂದೊಂದಾಗಿ ಬಂದು ಸೇರಿಕೊಂಡವು. ದನ, ಹುಲ್ಲು ಇಟ್ಟು ಜನನದ ದೃಶ್ಯ ಕಟ್ಟುವ ರೂಢಿಯನ್ನು ಜನಪ್ರಿಯಗೊಳಿಸಿದವರು ಅಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚಿಯೋ ಎಂಬ ಹಳ್ಳಿಯಲ್ಲಿ. ಮೇಣದಬತ್ತಿ ಹಚ್ಚುವ ಆಗಮನ ಕಾಲದ ಚಕ್ರವನ್ನು 1839ರಲ್ಲಿ ಹ್ಯಾಂಬರ್ಗಿನ ಪಾದ್ರಿ ವಿಖರ್ನ್ ಅವರು ತಮ್ಮ ಆಶ್ರಯದಲ್ಲಿದ್ದ ಬಡ ಮಕ್ಕಳಿಗಾಗಿ ಮಾಡಿದರು. ಹಬ್ಬ ಎಂದು ಬರುತ್ತದೆಂದು ಆ ಮಕ್ಕಳು ದಿನಾಲೂ ಕೇಳುತ್ತಿದ್ದರಂತೆ. ಅದೇ ಕಾಲದ ಸುಮಾರಿಗೆ ಜರ್ಮನಿಯ ಮೊರಾವಿಯನ್ ಶಾಲೆಯೊಂದರಲ್ಲಿ ರೇಖಾಗಣಿತ ಕಲಿಸಲು ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ನಾವು ಬಾಗಿಲಿಗೆ ತೂಗುಹಾಕುವ ನಕ್ಷತ್ರಕ್ಕೆ ಅದು ಹಿರಿಯಕ್ಕ.

ಇನ್ನು ಕನ್ನಡದ ಮಾತಿಗೆ ಬರೋಣ. ಕನ್ನಡ ನಾಡಿಗೆ ಕ್ರಿಸ್ತನ ಕಥೆ ತಂದವರಲ್ಲಿ ಮೊದಲಿಗರ ಪೈಕಿ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಅವರು ಒಬ್ಬರು. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಅದಕ್ಕೂ ಮೊದಲು, 1616ರಲ್ಲಿ, ಗೋವೆಯಲ್ಲಿದ್ದ ಇಂಗ್ಲಿಷಿನವ ಥಾಮಸ್ ಸ್ಟೀಫನ್ಸರು ಮರಾಠಿ ಓವಿಗಳಲ್ಲಿ 'ಕ್ರಿಸ್ತಪುರಾಣ' ಬರೆದು ಅಚ್ಚು ಹಾಕಿಸಿದ್ದರು. ಮರಾಠಿ ನೆರೆಯವರ ಈ ಭಾಗ್ಯಕ್ಕೆ ನಾವು ಹೊಟ್ಟೆಕಿಚ್ಚು ಪಡಬಹುದು.

ಬೈಬಲ್ಲಿನ ಕನ್ನಡ ಅನುವಾದದ ಪರಿಶ್ರಮ ಬಳ್ಳಾರಿಯಲ್ಲಿ ಆರಂಭವಾಯಿತು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇದಕ್ಕೆ ಎರಡು ದಶಕ ಕೊಟ್ಟರು. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಹಳೆಯ ಅನುವಾದವನ್ನು ತಿದ್ದಿದರು. ಇವರೆಲ್ಲ ಬಂದದ್ದು ಮತಪ್ರಚಾರಕ್ಕೇ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಉದ್ದೇಶಕ್ಕಾಗಿ ಅವರು ಜನರ ಮಾತನ್ನು ಕಲಿತ ರೀತಿ ದೊಡ್ಡದು. ಎರಡು ಶಬ್ದ ನೋಡಿದರೆ ಸಾಕು. ಬೆತ್ಲೆಹೇಮಿನ ತಂಗುಮನೆಗೆ ಅವರು 'ಛತ್ರ' ಎಂದರು. ಮಗುವನ್ನು ಮಲಗಿಸಿದ ಜಾಗಕ್ಕೆ 'ಗೋದಲಿ' ಎಂದರು. ಗೋದಲಿ ಪಂಡಿತರ ಶಬ್ದವಲ್ಲ. ನಮ್ಮ ಗದಗ ಸೀಮೆಯಲ್ಲಿ 'ಗ್ವಾದಲಿ' ಎನ್ನುತ್ತಾರೆ. ಎತ್ತಿಗೆ ಕಣಿಕೆ ಹಾಕುವ ಜಾಗ. ಆ ಶಬ್ದ ಕೇಳಿದ ರೈತನ ಮೂಗಿಗೆ ಸಗಣಿ, ಹೊಟ್ಟಿನ ವಾಸನೆಯೂ ಬರುತ್ತದೆ. ದೇವರು ಎಲ್ಲಿಗೆ ಇಳಿದು ಬಂದನೆಂಬುದಕ್ಕೆ ಬೇರೆ ವ್ಯಾಖ್ಯಾನ ಏಕೆ? ಇನ್ನೊಂದು ಶಬ್ದ 'ಮಾನಸಾಂತರ'. ಯೋಹಾನನು ಜನರಿಂದ ಬಯಸಿದ್ದು ಇದನ್ನು. ಗ್ರೀಕ್ ಮೂಲದ ಮೆತನೋಯ ಎಂಬುದಕ್ಕೂ ಮನಸ್ಸು ಬೇರೆಯಾಗುವುದು ಎಂದೇ ಅರ್ಥ. ಮಾಡಿದ್ದಕ್ಕೆ ಅಳುವುದು ಬೇರೆ, ಮನಸ್ಸು ತಿರುಗುವುದು ಬೇರೆ. ಕನ್ನಡ ಶಬ್ದ ಎರಡನೆಯದನ್ನು ಹಿಡಿದಿದೆ.

ಹಾಡುಗಳ ಕಥೆ ಸ್ವಲ್ಪ ಭಿನ್ನ. ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಿದರು. ಹ್ರಸ್ವ ದೀರ್ಘಗಳು ಕೈಕಾಲು ಮುರಿದುಕೊಂಡ ಸಂದರ್ಭಗಳು ಅದರಲ್ಲಿ ಉಂಟು. ಚಿಕ್ಕಂದಿನಿಂದ ಹಾಡಿದ ನಮಗೆ ಅವೂ ಪ್ರಿಯವೇ. ಇದನ್ನು ಬೇರೆ ದಾರಿಯಿಂದ ನೋಡಿದವರು ಕಿಟೆಲ್. 1894ರ ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. 1862ರಲ್ಲಿ, ಮೂವತ್ತರ ಹರೆಯದಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ಹಾಡುವಂತೆ 'ಕಥಾಮಾಲೆ' ಎಂದು ಬರೆದರೆಂಬುದು ಕಡಮೆ ಜನಕ್ಕೆ ಗೊತ್ತು. ಅದಕ್ಕಿಂತ ಮುಂಚೆ ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಕನ್ನಡಿಗರ ಭಕ್ತಿ ಯಾವ ಲಯದಲ್ಲಿ ಉಸಿರಾಡುತ್ತದೆ ಎಂಬುದನ್ನು ಈ ಪರದೇಶಿಗಳು ಕಿವಿಗೊಟ್ಟು ಕೇಳಿದ್ದರು. ಕೆಥೋಲಿಕರಲ್ಲಿ ಪೂಜೆಯ ಭಾಷೆ ಬಹುಕಾಲ ಲ್ಯಾಟಿನ್ನೇ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನಭಾಷೆಗೆ ದಾರಿ ತೆರೆದ ಮೇಲೆಯೇ ಕ್ರಿಸ್ಮಸ್ ರಾತ್ರಿಯ ಪೂಜೆ ಕನ್ನಡದಲ್ಲಿ ಕೇಳಿಸಿತು.

ನಮ್ಮ ಪುಣೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಕ್ವಾರ್ಟರ್ ಗೇಟಿನ ಬಳಿಯ ಸಿಟಿ ಚರ್ಚಿಗೆ 1792ರಲ್ಲಿ ಜಾಗ ಕೊಟ್ಟವರು ಸವಾಯಿ ಮಾಧವರಾವ್ ಪೇಶ್ವೆ. ತಮ್ಮ ಸೈನ್ಯದಲ್ಲಿದ್ದ ಕ್ರೈಸ್ತರ ಅನುಕೂಲಕ್ಕಾಗಿ. ಆ ವರ್ಷದ ಕ್ರಿಸ್ಮಸ್ ದಿನವೇ ಅಲ್ಲಿ ಮೊದಲ ಪೂಜೆ ನಡೆಯಿತೆಂದು ಹೇಳುತ್ತಾರೆ. ಆದರೆ ಕನ್ನಡಿಗರಾದ ನಾವು ಹೆಚ್ಚಾಗಿ ನೆನೆಯಬೇಕಾದವರು ಪಂಡಿತಾ ರಮಾಬಾಯಿ. ಪುಣೆಯವರು ಅವರನ್ನು ತಮ್ಮವರೆನ್ನುತ್ತಾರೆ, ಸರಿಯೇ. ಆದರೆ 1858ರಲ್ಲಿ ಅವರು ಹುಟ್ಟಿದ್ದು ತುಂಗಾ ಭದ್ರಾ ನದಿಗಳ ಉಗಮವಾದ ಗಂಗಾಮೂಲದ ಕಾಡಿನಲ್ಲಿ, ನಮ್ಮ ಪಶ್ಚಿಮ ಘಟ್ಟದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ, ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದರು. ಬರಗಾಲದಲ್ಲಿ ತಂದೆ ತಾಯಿಗಳನ್ನು ಕಳೆದುಕೊಂಡು, ದೇಶವೆಲ್ಲ ಕಾಲ್ನಡಿಗೆಯಲ್ಲಿ ತಿರುಗಿ, ಕಲಕತ್ತೆಯ ಪಂಡಿತರಿಂದ ಬಿರುದು ಪಡೆದ ಈ ಹೆಣ್ಣುಮಗಳು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ವಿಧವೆಯರಿಗಾಗಿ ಅವರು ತೆರೆದ ಶಾರದಾ ಸದನ 1890ರಲ್ಲಿ ಪುಣೆಗೆ ಬಂತು. ಮುಂದೆ ಕೇಡಗಾಂವದಲ್ಲಿ ಮುಕ್ತಿ ಸದನ. ಸೋಲಾಪುರದ ದಾರಿಯಲ್ಲಿ ಊರಿಗೆ ಹೋಗುವ ನಮ್ಮವರ ರೈಲು ಆ ನಿಲ್ದಾಣದ ಮೇಲೆಯೇ ಹಾಯುತ್ತದೆ.

ರಮಾಬಾಯಿಯವರು ಧರ್ಮ ಬದಲಿಸಿದರೂ ಉಡುಗೆ, ಊಟ ಬದಲಿಸಲಿಲ್ಲ. ಇಂಗ್ಲೆಂಡಿನ ಸನ್ಯಾಸಿನಿಯರು ಕೊಡಬಯಸಿದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತ ಏಕಾಗಬಾರದು ಎಂದು ವಾದಿಸಿದರು. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಣ್ಣುಮಕ್ಕಳಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸಿ, ಆ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಬರದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ 'ಜಾಗವಿಲ್ಲ' ಎನ್ನದೆ ಬಾಗಿಲು ತೆರೆದ ಈ ಬಾಳನ್ನು ನಾಲ್ಕು ವಾರಕ್ಕಲ್ಲ, ಜೀವಮಾನಕ್ಕೆ ಹಿಡಿದ ಆಗಮನ ಕಾಲದ ವ್ರತ ಎನ್ನಬಹುದು.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣವಿದೆ. ಪುಣೆಯ ನಮ್ಮ ಕನ್ನಡ ಕ್ರೈಸ್ತ ಮನೆಗಳಲ್ಲಿ ಎರಡನೆಯ ತಲೆಮಾರು ಬೆಳೆದಿದೆ. ಶಾಲೆ ಇಂಗ್ಲಿಷ್, ಬೀದಿ ಮರಾಠಿ, ಭಾನುವಾರದ ಆರಾಧನೆ ಬಹುತೇಕ ಈ ಎರಡರಲ್ಲೊಂದು. ಅಡುಗೆಮನೆಯ ಕನ್ನಡ ಉಳಿದಿದೆ. ಪ್ರಾರ್ಥನೆಯ ಕನ್ನಡ ಸೋರಿಹೋಗುತ್ತಿದೆ. ಮಾನಸಾಂತರ ಎಂದರೆ ಏನು ಎಂದು ಮಕ್ಕಳು ಕೇಳುತ್ತಾರೆ. ರಿಪೆಂಟೆನ್ಸ್ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಬೆಟಗೇರಿಯ ಹಿರಿಯರ ಕಾಲದಲ್ಲಿ ಈ ನಾಲ್ಕು ವಾರ ರಾತ್ರಿ ಊಟಕ್ಕೆ ಮೊದಲು ಕಂದೀಲಿನ ಬೆಳಕಿನಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಜಗಳವಾಡಿದ ಅಣ್ಣತಮ್ಮಂದಿರು ಹಬ್ಬದೊಳಗೆ ಮಾತು ಕೂಡಿಸಬೇಕು, ಸಣ್ಣಪುಟ್ಟ ಸಾಲ ತೀರಿಸಬೇಕು ಎಂಬ ಕಟ್ಟುನಿಟ್ಟು ಇತ್ತು. ಕರ್ಚಿಕಾಯಿ, ಚಕ್ಕುಲಿ ಎಲ್ಲ ಆಮೇಲಿನ ಮಾತು.

ಲೂಕನ ಸುವಾರ್ತೆಯಲ್ಲಿ ಅಧ್ಯಾಯಗಳು 24. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ. ದೊಡ್ಡ ಅಧ್ಯಾಯಕ್ಕೂ ಹತ್ತು ನಿಮಿಷ ಸಾಕು. ಎರಡು ವರ್ಷಗಳಿಂದ ನಾವು ಕೆಲವು ಮನೆಗಳವರು ಸರತಿಯ ಮೇಲೆ ಹೀಗೆ ಕೂಡಿ ಓದುತ್ತಿದ್ದೇವೆ. ಕನ್ನಡ ಅಕ್ಷರ ಬಾರದ ಮಕ್ಕಳಿಗೆ ಅವರ ಪಾಲಿನ ವಚನಗಳನ್ನು ಮೊದಲ ವರ್ಷ ದೇವನಾಗರಿಯಲ್ಲಿ ಬರೆದುಕೊಟ್ಟೆವು. ಕಳೆದ ವರ್ಷ ಅವರಲ್ಲಿ ಇಬ್ಬರು ಆ ಚೀಟಿ ಬೇಡವೆಂದರು.