ಕೆರೆ, ಕಾನು ಮತ್ತು ಕಳ್ಳಿ: ಶಿಕಾರಿಪುರ–ಸೊರಬ ಸೀಮೆಯು ಅನಾವೃಷ್ಟಿಯನ್ನು ಎದುರಿಸಿದ ಬಗೆ

ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಪ್ರಾಚೀನ ಚರಿತ್ರೆಯೆಂದೊಡನೆ ಕದಂಬರ ತಾಳಗುಂದ, ಚಾಲುಕ್ಯರ ಬಳ್ಳಿಗಾವಿ, ಬಂದಳಿಕೆಯ ಬಸದಿ, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ ಇವು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಅರಸರ ವಂಶಾವಳಿ ಹಾಗೂ ದೇವಾಲಯಗಳ ಶಿಲ್ಪವನ್ನು ಕುರಿತು ವಿದ್ವಾಂಸರು ಸಾಕಷ್ಟು ಶ್ರಮಿಸಿದ್ದಾರೆ. ಆದರೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿದು, ಉಳಿದ ಏಳೆಂಟು ತಿಂಗಳು ಆಕಾಶ ಬರಿದಾಗಿರುವ ಈ ನೆಲದಲ್ಲಿ ಜನರು ಬೇಸಗೆಯನ್ನು ಹೇಗೆ ಕಳೆದರು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಲೇಖನದ ವಿಷಯ ಅದೇ.

ಈ ಸೀಮೆ ಅರೆಮಲೆನಾಡು. ಸಹ್ಯಾದ್ರಿಯಿಂದ ಮೂಡಣಕ್ಕೆ ಸರಿದಂತೆ ಮಳೆ ಇಳಿಮುಖವಾಗುತ್ತದೆ. ಸೊರಬದ ಪಡುವಣ ಭಾಗ ಮಲೆನಾಡಿಗೆ ಸೇರಿದರೆ ಶಿಕಾರಿಪುರದ ಮೂಡಣ ಭಾಗ ಬಯಲುಸೀಮೆಯತ್ತ ಮುಖಮಾಡಿದೆ. ಜಂಬಿಟ್ಟಿಗೆಯ ನೆಲವು ಬಿದ್ದ ನೀರನ್ನು ಬಹುಕಾಲ ಹಿಡಿದಿಡಲಾರದು. ಮರುಭೂಮಿಯ ಸಸ್ಯ ಮಳೆ ಬಂದಾಗ ನೀರನ್ನು ತನ್ನ ದಪ್ಪ ಕಾಂಡದಲ್ಲಿ ತುಂಬಿಕೊಂಡು, ಹಗಲು ರಂಧ್ರಗಳನ್ನು ಮುಚ್ಚಿ ಇರುಳಿನಲ್ಲಿ ಉಸಿರಾಡಿ ಬರಗಾಲವನ್ನು ದಾಟುತ್ತದೆ. ಇಲ್ಲಿಯ ಜನರಾದರೋ ಗಿಡದ ಒಡಲಿಗೆ ಬದಲಾಗಿ ನೆಲದ ತಗ್ಗನ್ನೇ ನೀರಿನ ಭಂಡಾರವಾಗಿ ಮಾಡಿಕೊಂಡರು.

ಇದಕ್ಕೆ ಅತಿ ಪ್ರಾಚೀನವಾದ ಆಧಾರ ತಾಳಗುಂದದ ಸ್ತಂಭಶಾಸನ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಇದು ಶಿಕಾರಿಪುರ ೧೭೬ನೆಯ ಶಾಸನ. ಮಯೂರಶರ್ಮನು ಕಂಚಿಗೆ ಹೋಗಿ ಅಪಮಾನಿತನಾಗಿ ರಾಜ್ಯ ಕಟ್ಟಿದ ವೃತ್ತಾಂತಕ್ಕಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಓದುತ್ತಾನೆ. ಶಾಸನ ಹುಟ್ಟಿದ್ದು ಮಾತ್ರ ಆ ಕಾರಣಕ್ಕಲ್ಲ. ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಶಿವಾಲಯದ ಬಳಿ ಕಾಕುಸ್ಥವರ್ಮನು ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನು. ಆ ಕೆರೆಯ ನೆನಪಿಗಾಗಿ ಅವನ ಮಗ ಶಾಂತಿವರ್ಮನ ಆಜ್ಞೆಯಂತೆ ಕುಬ್ಜನೆಂಬ ಕವಿ ಈ ಕಾವ್ಯವನ್ನು ರಚಿಸಿ ಕಲ್ಲಿನ ಮೇಲೆ ಬರೆದನು. ಹೀಗೆ ಕರ್ನಾಟಕದ ಮೊದಲ ರಾಜವಂಶವೊಂದರ ಚರಿತ್ರೆ ನಮಗೆ ದೊರಕಿರುವುದು ಒಂದು ಕೆರೆಯ ದಾಖಲೆಯ ಅಂಗವಾಗಿ. ನಾವು ವಂಶಚರಿತ್ರೆಯನ್ನು ಎತ್ತಿಕೊಂಡು ಕೆರೆಯನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ.

ಮಯೂರಶರ್ಮನದೇ ಆದ ಚಂದ್ರವಳ್ಳಿಯ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಂ. ಎಚ್. ಕೃಷ್ಣ ಅವರು ೧೯೨೯ರ ಸುಮಾರಿನಲ್ಲಿ ಇದನ್ನು ಓದಿದಾಗ, ಅದರಲ್ಲಿ ಕಂಡ ರಾಜ್ಯಗಳ ಪಟ್ಟಿ ವಿದ್ವಾಂಸರಲ್ಲಿ ದೊಡ್ಡ ವಾದವನ್ನೆಬ್ಬಿಸಿತು. ಅದೂ ಕೆರೆಯ ಶಾಸನವೇ ಎಂಬುದರಲ್ಲಿ ವಿವಾದವಿಲ್ಲ. ಚಿತ್ರದುರ್ಗ ಮಳೆ ಕಡಮೆಯಾದ ಪ್ರದೇಶ. ತಾಳಗುಂದ ಅದಕ್ಕಿಂತ ಎಷ್ಟೋ ಮೇಲು. ಒಂದೇ ವಂಶದವರು ಈ ಎರಡು ಬಗೆಯ ಹವೆಯಲ್ಲಿಯೂ ಕೆರೆಯನ್ನೇ ಆಶ್ರಯಿಸಿದರು. ಬರದ ಭೀತಿ ಬಯಲುಸೀಮೆಗೆ ಮಾತ್ರ ಮೀಸಲಾಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ನಮ್ಮ ಶಾಸನಗಳಲ್ಲಿ ಬರಗಾಲದ ನೇರ ಪ್ರಸ್ತಾಪ ವಿರಳ. ಅದನ್ನು ಕೆರೆ ಕಟ್ಟಿಸಿದ, ತೂಬು ಇಡಿಸಿದ, ಏರಿ ಬಲಪಡಿಸಿದ ಮಾತುಗಳಲ್ಲಿಯೇ ಓದಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಕಟ್ಟಿದ ಕೆರೆ ತಾನಾಗಿ ಉಳಿಯುವುದಿಲ್ಲ. ಕೆರೆಯ ಕೆಳಗಣ ಗದ್ದೆಯ ಹುಟ್ಟುವಳಿಯಲ್ಲಿ ಅದರ ದುರಸ್ತಿಗೆಂದು ತೆಗೆದಿಡುತ್ತಿದ್ದ ಭಾಗಕ್ಕೆ ಶಾಸನಗಳಲ್ಲಿ ಬಿತ್ತುವಟ್ಟವೆಂದು ಹೆಸರು. ಸೊರಬದ ಏರುತಗ್ಗಿನ ನೆಲದಲ್ಲಿ ಪ್ರತಿ ಕಣಿವೆಗೂ ಒಂದು ಕೆರೆ. ಮೇಲಣ ಕೆರೆಯ ಕೋಡಿ ಹರಿದು ಕೆಳಗಣ ಕೆರೆಯನ್ನು ತುಂಬುತ್ತದೆ. ಕೊನೆಗೆ ದಂಡಾವತಿಯ ಮೂಲಕ ನೀರು ವರದೆಯನ್ನು ಸೇರುತ್ತದೆ. ಈ ಸಾಲಿನ ನೆತ್ತಿಯ ಮೇಲಿರುವುದು ಕಾನು. ಗದ್ದೆಗಳ ನಡುವೆ ನಿತ್ಯಹಸುರಾಗಿ ನಿಂತಿರುವ ಈ ತೋಪುಗಳಲ್ಲಿ ರೈತರು ಮೆಣಸನ್ನು ಬೆಳೆಯುತ್ತಿದ್ದರು. ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು ೧೮೬೮ರ ಮೇ ತಿಂಗಳಿನಲ್ಲಿ ಸೊರಬದ ಕಾನುಗಳನ್ನು ಕುರಿತೇ ಒಂದು ವರದಿಯನ್ನು ಒಪ್ಪಿಸಿದರು. ಕಾನಿನ ನೆರಳು ಮಳೆಯ ನೀರನ್ನು ನೆಲದೊಳಗೆ ಇಂಗಿಸಿ, ಮಳೆ ನಿಂತ ಮೇಲೂ ಊಟೆಗಳ ಮೂಲಕ ಕೆರೆಗೆ ಬಿಡುತ್ತದೆ. ಕಾನು ಕಡಿದರೆ ಕೆರೆ ಬೇಗ ಬತ್ತುತ್ತದೆ, ಬೇಗ ಹೂಳೂ ತುಂಬುತ್ತದೆ.

ಇನ್ನು ಕಳ್ಳಿ. ಹಾಲು ಸುರಿಸುವ ನಾಟಿ ಕಳ್ಳಿಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ. ದನ ಬಾಯಿಡದ ಗಿಡವಾದ್ದರಿಂದ ಒಣನೆಲದ ಬೇಲಿಗೆ ಒದಗಿಬಂದವು. ಪಾಪಾಸುಕಳ್ಳಿ ಬೇರೊಂದು ಕುಲದ್ದು. ಅದರ ತವರು ಅಮೆರಿಕ ಖಂಡ. ಹೆಸರೇ ಅದರ ಪರದೇಶಿತನವನ್ನು ಹೇಳುತ್ತದೆ. ಪಾಪಾಸು ಎಂದರೆ ಪಾದರಕ್ಷೆ, ಪಾರಸಿಯ ‘ಪಾಪೋಶ್’. ಗಿಡದ ಹಲಗೆಗಳು ಮೆಟ್ಟಿನ ಅಟ್ಟೆಯಂತಿರುವುದೇ ಈ ಹೆಸರಿಗೆ ಕಾರಣವೆಂದು ತೋರುತ್ತದೆ. ತಮಿಳರು ಇದನ್ನು ಸಪ್ಪಾತ್ತುಕ್ಕಳ್ಳಿ ಎನ್ನುತ್ತಾರೆ. ಅಲ್ಲಿಯೂ ಪಾದರಕ್ಷೆಯೇ, ಶಬ್ದ ಮಾತ್ರ ಪೋರ್ಚುಗೀಸರದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕಿರಮಂಜಿ ಬಣ್ಣದ ಆಸೆ ಹುಟ್ಟಿತು. ಮದರಾಸಿನಲ್ಲಿ ಜೇಮ್ಸ್ ಆಂಡರ್‌ಸನ್ ಕಳ್ಳಿಯ ತೋಟವನ್ನೇ ಬೆಳೆಸಿದನು. ೧೭೯೫ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲ್‌ನಿಂದ ಬಣ್ಣದ ಹುಳುವನ್ನು ಕಲ್ಕತ್ತೆಗೆ ತಂದನು. ಬಂದ ಹುಳು ಕೀಳುಜಾತಿಯದಾಗಿ ಉದ್ಯಮ ಕೈಗೂಡಲಿಲ್ಲ. ಕಳ್ಳಿ ಮಾತ್ರ ಬೇಲಿಯಾಗಿ ದಕ್ಷಿಣದ ಒಣಸೀಮೆಗಳಲ್ಲೆಲ್ಲ ಹಬ್ಬಿ, ಕೊನೆಗೆ ಹೊಲವನ್ನೂ ನುಂಗತೊಡಗಿತು. ನೀರು ನಿಲ್ಲುವಲ್ಲಿ ಕೊಳೆಯುವ ಗಿಡವಾದ್ದರಿಂದ ಗದ್ದೆಯ ಸೀಮೆ ಅದಕ್ಕೆ ಒಗ್ಗಲಿಲ್ಲ.

೧೮೭೬–೭೮ರ ಮಹಾಕ್ಷಾಮದಲ್ಲಿ ಎರಡು ಉಪಾಯಗಳೂ ಪರೀಕ್ಷೆಗೆ ಒಳಗಾದವು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷವನ್ನೂ ಮುಟ್ಟಲಿಲ್ಲ. ಕಳ್ಳಿಯ ಮುಳ್ಳು ಸುಟ್ಟು ದನಗಳಿಗೆ ತಿನ್ನಿಸುವ ಪ್ರಯತ್ನ ನೆರೆಯ ಮದರಾಸು ಪ್ರಾಂತದಲ್ಲಿ ನಡೆಯಿತು. ಅದರಿಂದ ಬರಿಯ ಹೊಟ್ಟೆ ತುಂಬಿತೇ ಹೊರತು ಬಲ ಬರಲಿಲ್ಲ. ಮಲೆನಾಡಿನ ಜಿಲ್ಲೆಗಳು ಮೂಡಣ ಜಿಲ್ಲೆಗಳಷ್ಟು ನಲುಗಲಿಲ್ಲವೆಂಬುದು ನಿಜ. ಆದರೆ ಇದರ ಹಿರಿಮೆಯನ್ನು ಕೆರೆಗೇ ಒಪ್ಪಿಸುವುದು ಅವಸರದ ತೀರ್ಮಾನ. ಕೆರೆಗಳ ನಾಡೆಂದೇ ಹೆಸರಾದ ಕೋಲಾರವು ತೀವ್ರವಾಗಿ ನೊಂದಿತು. ಕೆರೆ ಒಂದು ಬೇಸಗೆಯನ್ನು ದಾಟಿಸಬಲ್ಲದು. ಮಳೆಯೇ ಮತ್ತೆ ಮತ್ತೆ ತಪ್ಪಿದಾಗ ಅದೂ ಬರಿಯ ಬಯಲು. ಶಿಕಾರಿಪುರ–ಸೊರಬಗಳಿಗೆ ಕೆರೆಯ ಬೆನ್ನಿಗೆ ಕಾನಿತ್ತು, ಕಾನಿನ ಬೆನ್ನಿಗೆ ಸಹ್ಯಾದ್ರಿಯ ಮಳೆಯಿತ್ತು.

ಕಳ್ಳಿಯ ಕಥೆಯ ಕೊನೆ ಸ್ವಾರಸ್ಯವಾದುದು. ೧೯೨೬ರಲ್ಲಿ ಸಿಂಹಳದಿಂದ ತಂದು ಬಿಟ್ಟ, ಬಣ್ಣದ ಹುಳುವಿನ ದಾಯಾದಿಯಾದ ಕೀಟವೊಂದು ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಕಳ್ಳಿಮೆಳೆಗಳನ್ನು ಬರಿದುಮಾಡಿತು. ಆಸ್ಟ್ರೇಲಿಯದವರು ಅದೇ ಕಾಲದಲ್ಲಿ ಒಂದು ಬಗೆಯ ಪತಂಗದಿಂದ ಅದೇ ಕಾರ್ಯವನ್ನು ಸಾಧಿಸಿದರು.

ಕೆರೆಗಳ ಕಥೆ ಇನ್ನೂ ಮುಗಿದಿಲ್ಲ. ಸಂಸ್ಥಾನದ ಕಾಲದಲ್ಲಿ ಕುಮುದ್ವತಿಗೆ ಅಡ್ಡಲಾಗಿ ಅಂಜನಾಪುರ ಜಲಾಶಯವಾಯಿತು. ಬಳಿಕ ಕೊಳವೆಬಾವಿಗಳು ಬಂದು, ಅಡಕೆಯ ತೋಟ ಗದ್ದೆಯನ್ನೂ ಬೆದ್ದಲನ್ನೂ ಏರಿತು. ಊರಿಗೂ ಕೆರೆಗೂ ಇದ್ದ ನಂಟು ಸಡಿಲವಾಯಿತು. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದಾಗ ಮಲೆನಾಡೂ ಅದರಿಂದ ಹೊರಗುಳಿಯಲಿಲ್ಲ. ಈಚೆಗೆ ಉಡುಗಣಿ–ತಾಳಗುಂದ–ಹೊಸೂರು ಏತನೀರಾವರಿ ಯೋಜನೆ ತುಂಗಭದ್ರೆಯ ನೀರನ್ನು ಶಿಕಾರಿಪುರದ ಕೆರೆಗಳಿಗೆ ಎತ್ತಿ ತುಂಬಿಸುವ ಉದ್ದೇಶದಿಂದ ಹುಟ್ಟಿದೆ. ಕಾಕುಸ್ಥವರ್ಮನ ತಾಳಗುಂದ ಈಗ ಒಂದು ನೀರಾವರಿ ಯೋಜನೆಯ ಹೆಸರಿನಲ್ಲಿಯೂ ಸೇರಿಕೊಂಡಿದೆ. ಎತ್ತಿ ತಂದ ನೀರಿಗೂ ಏರಿ, ತೂಬು, ಕೋಡಿಗಳು ಬೇಕೇ ಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲೂಕುಗಳ ಶಾಸನಗಳು ಹೆಸರಿಸುವ ಕೆರೆಗಳನ್ನು ಊರೂರಿನ ಸರ್ವೆ ನಕ್ಷೆಯೊಡನೆ ಹೋಲಿಸಿ, ಯಾವುದು ಉಳಿದಿದೆ, ಯಾವುದು ತೋಟವಾಗಿದೆ, ಯಾವುದರ ನೆತ್ತಿಯ ಕಾನು ಅಳಿದಿದೆ ಎಂಬುದನ್ನು ಗುರುತಿಸುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೆರಡು ಬೇಸಗೆಯ ರಜೆಗಳಲ್ಲಿ ಮಾಡಿ ಮುಗಿಸಬಹುದು.